ಮನೆಯಲ್ಲಿ ತಂಬೂರಿ ಶ್ರುತಿ ಮಾಡುವುದು ಹೇಗೆ

ತಂಬೂರಿ ಶ್ರುತಿ ಮಾಡುವುದನ್ನು ಹಾಡುವ ಮುಂಚಿನ ಕೆಲಸ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ ಹಾಡು ಶುರುವಾಗುವುದೇ ಅಲ್ಲಿಂದ. ನಾಲ್ಕು ತಂತಿಗಳನ್ನು ಕೂಡಿಸುವಾಗ ಕಿವಿ ಏನನ್ನು ಹುಡುಕುತ್ತದೋ, ಆಮೇಲೆ ಷಡ್ಜ (ಸ) ಹಚ್ಚುವಾಗ ಗಂಟಲು ಅದನ್ನೇ ಹುಡುಕುತ್ತದೆ. ನಾನು ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರನ್ನು ಮೊದಲ ಕೆಲವು ವಾರ ಅಲಂಕಾರದ ಸ್ವರಪಾಠಕ್ಕಿಂತ ಜಾಸ್ತಿ ಹೊತ್ತು ತಂಬೂರಿಯ ಎದುರಿಗೇ ಕೂರಿಸುತ್ತೇನೆ. ಪಾಲಕರಿಗೆ ಮೊದಮೊದಲು ಇದು ಹಿಡಿಸುವುದಿಲ್ಲ. "ಮೇಡಂ, ಯಾವಾಗ ಹಾಡು ಕಲಿಸ್ತೀರಿ?" ಅಂತ ಕೇಳುತ್ತಾರೆ. ಇದೇ ಕಲಿಕೆ ಅಂತ ಹೇಳಿ ಕಳಿಸುತ್ತೇನೆ.

ಈ ಬರಹ ಮನೆಯಲ್ಲಿ ನಿಜವಾದ ತಂಬೂರಿ ಇಟ್ಟುಕೊಂಡು, ಅದನ್ನು ಮುಟ್ಟಲು ಹೆದರುವವರಿಗೆ. ಅಂಥವರು ಬಹಳ ಜನ ಇದ್ದಾರೆ. ಅಜ್ಜನದ್ದೋ ಅತ್ತೆಯದ್ದೋ ತಂಬೂರಿ ಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ, ರಿಯಾಜ್ (ಅಭ್ಯಾಸ) ಮಾತ್ರ ಮೊಬೈಲ್ ಆ್ಯಪ್ ಹಚ್ಚಿಕೊಂಡು ನಡೆಯುತ್ತಿರುತ್ತದೆ. ಆ ಗವಸು ತೆಗೆಯಿರಿ.

ಮೊದಲು ನಿಮ್ಮ ಷಡ್ಜ ಯಾವುದು?

ತಂಬೂರಿ ಯಾವ ಶ್ರುತಿಗೆ ಕೂಡಿಸಬೇಕು ಅನ್ನುವುದನ್ನು ನಿಮ್ಮ ಗಂಟಲು ಹೇಳಬೇಕು. ಹಾರ್ಮೋನಿಯಂ ಅಥವಾ ಕೀಬೋರ್ಡ್ ಮುಂದೆ ಕೂತು ಒಂದು ಮನೆಯನ್ನು (ಕೀಲಿಯನ್ನು) ಷಡ್ಜ ಅಂತ ಹಿಡಿಯಿರಿ. ಅಲ್ಲಿಂದ ಕೆಳಗೆ ಮಂದ್ರ ಪಂಚಮದವರೆಗೆ, ಅಂದರೆ ಕೆಳಗಿನ ಸಪ್ತಕದ 'ಪ'ವರೆಗೆ, ಇಳಿಯಿರಿ. ಆ ಪಂಚಮ ಬರೀ ಉಸಿರಾಗದೆ, ಪಕ್ಕದಲ್ಲಿ ಕೂತವರಿಗೆ ಕೇಳುವ ಹಾಗಿರಬೇಕು. ಆಮೇಲೆ ಮೇಲೆ ತಾರ (ಮೇಲಿನ ಸಪ್ತಕದ) ಗಾಂಧಾರ (ಗ), ಮಧ್ಯಮ (ಮ), ಸಾಧ್ಯವಾದರೆ ಪಂಚಮದವರೆಗೆ ಹೋಗಿ. ಕತ್ತಿನ ನರ ಉಬ್ಬಬಾರದು, ಗಲ್ಲ ಮೇಲೆ ಏಳಬಾರದು. ಎರಡೂ ಕಡೆ ಆರಾಮವಾಗಿ ಮುಟ್ಟಿದರೆ ಅದು ನಿಮ್ಮ ಶ್ರುತಿ.

ಹಾರ್ಮೋನಿಯಂನ ಬಿಳಿ, ಕರಿ ಕೀಲಿಗಳ ಎಣಿಕೆಯಲ್ಲಿ ಸಾಮಾನ್ಯವಾಗಿ ಗಂಡಸರದ್ದು ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಇದರ ಆಸುಪಾಸು. ಹೆಂಗಸರದ್ದು ಕರಿ ಮೂರರಿಂದ ಕರಿ ಐದರ ಒಳಗೆ. ಕರ್ನಾಟಕ ಸಂಗೀತದವರು ಇದನ್ನೇ ಮನೆ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಕರಿ ಒಂದು ಅವರ ಒಂದೂವರೆ ಮನೆ, ನಮ್ಮ ಕರಿ ನಾಲ್ಕು ಅವರ ಐದೂವರೆ. ಆದರೆ ಈ ಸಾಮಾನ್ಯ ಲೆಕ್ಕಕ್ಕೆ ಕಟ್ಟುಬೀಳಬೇಡಿ. ನಮ್ಮ ಊರಿನ ಗಂಗೂಬಾಯಿ ಹಾನಗಲ್ಲರ ಧ್ವನಿ ಗಂಡಸರ ಶ್ರುತಿಯ ಹತ್ತಿರಕ್ಕೆ ಇಳಿದಿತ್ತು. ಆ ಇಳಿದ ಷಡ್ಜದಲ್ಲೇ ಅವರು ದಶಕಗಟ್ಟಲೆ ಹಾಡಿದರು. ಧ್ವನಿ ಒಡೆಯುತ್ತಿರುವ ಹದಿಮೂರು-ಹದಿನಾಲ್ಕರ ಹುಡುಗರಿಗೆ ಮಾತ್ರ ಕೆಲವು ತಿಂಗಳಿಗೊಮ್ಮೆ ಶ್ರುತಿ ಮತ್ತೆ ನೋಡಬೇಕಾಗುತ್ತದೆ. ಹಳೆಯ ಶ್ರುತಿಯಲ್ಲೇ ಕೂಗಿಸಿದರೆ ಗಂಟಲು ಕೆಡುತ್ತದೆ.

ಇನ್ನೊಂದು ಮಾತು. ತಂಬೂರಿಯ ಅಳತೆಯೂ ಶ್ರುತಿಗೆ ತಕ್ಕ ಹಾಗಿರುತ್ತದೆ. ಗಂಡಸರ ತಂಬೂರಿ ಉದ್ದ, ಕೆಳಗಿನ ದುಂಡನೆಯ ಬುರುಡೆ ದೊಡ್ಡದು, ತಂತಿ ದಪ್ಪ. ಅದನ್ನು ಕರಿ ನಾಲ್ಕಕ್ಕೆ ಏರಿಸಲು ಹೋದರೆ ತಂತಿ ಹರಿಯುತ್ತದೆ. ಹೆಂಗಸರ ಸಣ್ಣ ತಂಬೂರಿಯನ್ನು ಕರಿ ಒಂದಕ್ಕೆ ಇಳಿಸಿದರೆ ತಂತಿ ಜೋಲು ಬಿದ್ದು ಬಡಬಡ ಅನ್ನುತ್ತದೆ. ಮನೆಯಲ್ಲಿರುವ ತಂಬೂರಿ ನಿಮ್ಮ ಶ್ರುತಿಯದ್ದಲ್ಲದಿದ್ದರೆ, ಅಂಗಡಿಯಲ್ಲಿ ನಿಮ್ಮ ಷಡ್ಜ ಹೇಳಿ ಅದಕ್ಕೆ ತಕ್ಕ ತಂತಿ ಕೇಳಿ. ಎರಡು-ಮೂರು ಮನೆ ಆಚೀಚೆ ಆದರೆ ತಂತಿ ಬದಲಿಸಿಯೇ ಸರಿಮಾಡಿಕೊಳ್ಳಬಹುದು.

ಕೋಣೆ

ಫ್ಯಾನ್ ಆರಿಸಿ. ಇದನ್ನು ನಾನು ದಿನಾ ಹೇಳುತ್ತೇನೆ, ಬೇಸಿಗೆಯಲ್ಲಂತೂ ಬೈಸಿಕೊಂಡೇ ಹೇಳುತ್ತೇನೆ. ಫ್ಯಾನಿನ ರೆಕ್ಕೆ ಗಾಳಿಯನ್ನು ಕತ್ತರಿಸುವಾಗ ತಂಬೂರಿಯ ನಾದವೂ ಅದರ ಜೊತೆ ಅಲುಗುತ್ತದೆ. ಶ್ರುತಿ ಕೂಡಿಸುವಾಗ ನಾವು ಹುಡುಕುವುದೇ ನಾದದ ಅಲುಗಾಟವನ್ನು. ಅದು ತಂತಿಯದ್ದೋ ಫ್ಯಾನಿನದ್ದೋ ಗೊತ್ತಾಗದೆ ತಂತಿ ಬಿಗಿಮಾಡುವ ಬಿರಡೆ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಫ್ರಿಜ್ ಇರುವ ಕೋಣೆ ಬೇಡ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದ್ದು, ಅಂದರೆ ಸೆಕೆಂಡಿಗೆ 50 ಕಂಪನ. ಅದರಿಂದ ಫ್ರಿಜ್ಜಿನ ಗುಂಯ್ ಸದ್ದು ಅದರ ಎರಡರಷ್ಟು, 100 ಹರ್ಟ್ಸ್ ಹತ್ತಿರ ಬರುತ್ತದೆ. ಕರಿ ನಾಲ್ಕರಲ್ಲಿ ಹಾಡುವ ಹೆಣ್ಣುಮಗಳ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಸುಮಾರು 104. ಇಷ್ಟು ಹತ್ತಿರ ಇನ್ನೊಂದು ಸದ್ದು ಕೂತಿದ್ದರೆ ಕಿವಿ ತನಗೆ ಗೊತ್ತಿಲ್ಲದೆ ಅದರ ಕಡೆ ವಾಲುತ್ತದೆ, ಖರ್ಜ ಯಾವಾಗಲೂ ಸ್ವಲ್ಪ ಇಳಿದೇ ನಿಲ್ಲುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಬೆಳಗ್ಗೆ ಅಡುಗೆಮನೆಯ ಪಕ್ಕದ ಜಾಗದಲ್ಲೇ ರಿಯಾಜ್. ಅವರ ಖರ್ಜ ದಿನಾ ಇಳಿದಿರುತ್ತಿತ್ತು. ದೇವರಕೋಣೆಗೆ ಜಾಗ ಬದಲಿಸಿದ ಮೇಲೆ ಸರಿಹೋಯಿತು.

ತಂಬೂರಿಯನ್ನು ಗವಸಿನಿಂದ ತೆಗೆದ ಕೂಡಲೇ ಶ್ರುತಿ ಮಾಡಬೇಡಿ. ಸ್ವಲ್ಪ ಹೊತ್ತು ಕೋಣೆಯಲ್ಲಿ ಹಾಗೇ ಇಡಿ. ಅದು ಮರ ಮತ್ತು ಒಣಗಿದ ಬುರುಡೆ. ಕೋಣೆಯ ಶೆಕೆಗೋ ತಂಪಿಗೋ ಹೊಂದಿಕೊಳ್ಳುವವರೆಗೆ ತಂತಿ ಏರುತ್ತಾ ಇಳಿಯುತ್ತಾ ಇರುತ್ತದೆ.

ತಂತಿ, ಬಿರಡೆ, ಮಣಿ, ದಾರ

ತಂಬೂರಿಯನ್ನು ಎದುರಿಗೆ ಮಲಗಿಸಿ ಒಮ್ಮೆ ನೋಡಿ. ನಾಲ್ಕು ತಂತಿ. ಮೊದಲನೆಯದು ಮಂದ್ರ ಪಂಚಮ. ನಡುವಿನ ಎರಡು ಮಧ್ಯ ಷಡ್ಜ, ಇವೇ ಜೋಡಿ. ಕೊನೆಯದು ಮಂದ್ರ ಷಡ್ಜ, ಅಂದರೆ ಖರ್ಜ. ಜೋಡಿ ಉಕ್ಕಿನ ತಂತಿ, ಖರ್ಜ ಹಿತ್ತಾಳೆಯದ್ದು. ಪಂಚಮ ಹೆಂಗಸರ ತಂಬೂರಿಯಲ್ಲಿ ಸಾಮಾನ್ಯವಾಗಿ ಉಕ್ಕು, ಗಂಡಸರದ್ದರಲ್ಲಿ ಹೆಚ್ಚಾಗಿ ಹಿತ್ತಾಳೆ ಅಥವಾ ಕಂಚು.

ಮೇಲ್ತುದಿಯಲ್ಲಿ ನಾಲ್ಕು ಬಿರಡೆ. ಯಾವ ತಂತಿ ಯಾವ ಬಿರಡೆಗೆ ಹೋಗಿದೆ ಅಂತ ಬೆರಳಿಟ್ಟು ನೋಡಿಕೊಳ್ಳಿ. ಹೊಸಬರ ಕೈಯಲ್ಲಿ ತಂತಿ ಹರಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಮೀಟುವುದು ಒಂದು ತಂತಿ, ತಿರುಗಿಸುವುದು ಇನ್ನೊಂದರ ಬಿರಡೆ. ಕೇಳುತ್ತಿರುವ ತಂತಿ ಏರುತ್ತಿಲ್ಲ ಅಂತ ಇನ್ನೂ ತಿರುಗಿಸುತ್ತಾರೆ, ಪಕ್ಕದ್ದು ಟಪ್ ಅಂತ ಹೋಗುತ್ತದೆ.

ಬುರುಡೆಯ ಮೇಲಿನ ಹಲಗೆಯ ನಡುವೆ ಕುದುರೆ. ತಂತಿಗಳು ಅದರ ಮೇಲೆ ಹಾಯುತ್ತವೆ. ಕುದುರೆಯ ಮೇಲ್ಮೈ ಚಪ್ಪಟೆಯಾಗಿ ಕಂಡರೂ ಸಣ್ಣಗೆ ಇಳಿಜಾರಾಗಿದೆ. ಅಡ್ಡದಿಂದ ಕಣ್ಣು ಹಾಯಿಸಿದರೆ ತಿಳಿಯುತ್ತದೆ. ಕುದುರೆ ಮತ್ತು ತಂತಿಯ ನಡುವೆ ಒಂದೊಂದು ಹತ್ತಿ ದಾರ. ಕುದುರೆಯ ಹಿಂದೆ ಒಂದೊಂದು ತಂತಿಗೆ ಒಂದೊಂದು ಮಣಿ. ಬಿರಡೆ ದೊಡ್ಡ ಹೊಂದಾಣಿಕೆಗೆ, ಮಣಿ ಕೂದಲೆಳೆಯಷ್ಟು ಹೊಂದಾಣಿಕೆಗೆ.

ಶುರು ಮಾಡುವ ಮೊದಲು ಮಣಿಗಳನ್ನೆಲ್ಲ ಅವುಗಳ ದಾರಿಯ ನಡುವಿಗೆ ತನ್ನಿ. ಆಮೇಲೆ ಏರಿಸಲೂ ಇಳಿಸಲೂ ಜಾಗ ಇರಬೇಕು. ದಾರಗಳನ್ನು ಕುದುರೆಯ ಹಿಂಭಾಗಕ್ಕೆ ಎಳೆದುಬಿಡಿ. ಈಗ ತಂಬೂರಿ ಮಂಕಾಗಿ ಕೇಳಿಸುತ್ತದೆ. ಇರಲಿ.

ಜೋಡಿ ಕೂಡಿಸುವುದು

ಕೆಲವರು ಪಂಚಮದಿಂದ ಶುರು ಮಾಡುತ್ತಾರೆ. ನಾನು ಜೋಡಿಯಿಂದಲೇ ಶುರು ಮಾಡಿಸುವುದು. ಷಡ್ಜ ನಿಲ್ಲದೆ ಪಂಚಮವನ್ನು ಯಾವುದಕ್ಕೆ ಕೂಡಿಸುತ್ತೀರಿ?

ಹಾರ್ಮೋನಿಯಂನಲ್ಲಿ ನಿಮ್ಮ ಷಡ್ಜದ ಮನೆ ಒತ್ತಿ. ಹಾರ್ಮೋನಿಯಂ ಇಲ್ಲದಿದ್ದರೆ ಮೊಬೈಲಿನ ಟ್ಯೂನರ್ ಆದೀತು. ಜೋಡಿಯ ಮೊದಲ ತಂತಿಯನ್ನು ಮೊದಲು ಸ್ವಲ್ಪ ಸಡಿಲ ಮಾಡಿ, ಷಡ್ಜದಿಂದ ಕೆಳಗೆ ಬರಲಿ. ಆಮೇಲೆ ಬಿರಡೆಯನ್ನು ಒಳಕ್ಕೆ ಒತ್ತುತ್ತಾ ನಿಧಾನವಾಗಿ ತಿರುಗಿಸಿ ಮೇಲೆ ತನ್ನಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬಂದು ನಿಲ್ಲಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಹತ್ತು ನಿಮಿಷದಲ್ಲಿ ಇನ್ನಷ್ಟು ಇಳಿಯುತ್ತದೆ. ತಿರುಗಿಸುವಾಗ ಇನ್ನೊಂದು ಕೈಯಿಂದ ತಂತಿಯನ್ನು ಮೀಟುತ್ತಲೇ ಇರಿ. ಸದ್ದಿಲ್ಲದೆ ತಿರುಗಿಸಬೇಡಿ, ಎಲ್ಲಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಬಿರಡೆ ಜಾರುತ್ತಿದ್ದರೆ ಅದನ್ನು ಹೊರಗೆಳೆದು ಸೀಮೆಸುಣ್ಣ ಸವರಿ ಹಾಕಿ.

ಇಷ್ಟಾದ ಮೇಲೆ ಹಾರ್ಮೋನಿಯಂ ಮುಚ್ಚಿಡಿ. ಮೊಬೈಲನ್ನೂ ಆಚೆ ಇಡಿ. ಮುಂದಿನ ಕೆಲಸ ಕಿವಿಯದ್ದು.

ಜೋಡಿಯ ಎರಡನೆಯ ತಂತಿಯನ್ನು ಮೊದಲನೆಯದರ ಹತ್ತಿರಕ್ಕೆ ತಂದು, ಎರಡನ್ನೂ ಒಂದರ ಹಿಂದೆ ಒಂದು ಮೀಟಿ, ಕೈ ತೆಗೆದು ಸುಮ್ನೆ ಕೇಳಿ. ಎರಡೂ ಸ್ವಲ್ಪ ಬೇರೆಬೇರೆ ಇದ್ದರೆ ನಾದ ನೆಟ್ಟಗೆ ಹೋಗುವುದಿಲ್ಲ. ವಾಂವ್… ವಾಂವ್… ವಾಂವ್… ಅಂತ ಉಬ್ಬಿ ಇಳಿಯುತ್ತದೆ. ಇದನ್ನು ಅಲೆ ಅಂತ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಒಂದು ತಂತಿ ಸೆಕೆಂಡಿಗೆ 208 ಸಲ ಕಂಪಿಸುತ್ತಿದ್ದು, ಇನ್ನೊಂದು 210 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಅಲೆ. 209ಕ್ಕೆ ಇಳಿದರೆ ಸೆಕೆಂಡಿಗೆ ಒಂದು. ಅಂದರೆ ಹತ್ತಿರ ಬಂದಷ್ಟೂ ಅಲೆ ನಿಧಾನ.

ಈಗ ಬಿರಡೆ ಬಿಡಿ, ಮಣಿ ಹಿಡಿಯಿರಿ. ಮಣಿಯನ್ನು ಕುದುರೆಯಿಂದ ದೂರ, ಬುರುಡೆಯ ತುದಿಯ ಕಡೆಗೆ ಸರಿಸಿದರೆ ತಂತಿ ಬಿಗಿಯಾಗಿ ಏರುತ್ತದೆ. ಕುದುರೆಯ ಕಡೆಗೆ ತಂದರೆ ಇಳಿಯುತ್ತದೆ. ಅಕ್ಕಿಕಾಳಿನಷ್ಟು ಸರಿಸಿ, ಎರಡೂ ತಂತಿ ಮೀಟಿ, ಕೇಳಿ. ಅಲೆ ವೇಗವಾಯಿತೇ? ತಪ್ಪು ದಿಕ್ಕಿಗೆ ಹೋದಿರಿ. ನಿಧಾನವಾಯಿತೇ? ಅದೇ ದಿಕ್ಕಿಗೆ ಇನ್ನೂ ಸ್ವಲ್ಪ. ಅಲೆ ಉದ್ದವಾಗುತ್ತಾ ಉದ್ದವಾಗುತ್ತಾ, ಒಂದು ಮೀಟಿನ ನಾದ ಪೂರ್ತಿ ಆರುವಷ್ಟರಲ್ಲಿ ಒಂದು ಅಲೆಯೂ ಮುಗಿಯದ ಹಾಗೆ ಆಗುತ್ತದೆ. ಅಲ್ಲಿಗೆ ಎರಡು ತಂತಿ ಒಂದಾದವು.

ಬೇಕೆಂತಲೇ ಆ ಜಾಗ ದಾಟಿ ಹೋಗಿ ಅಂತ ನಾನು ಮಕ್ಕಳಿಗೆ ಹೇಳುತ್ತೇನೆ. ದಾಟಿದರೆ ಅಲೆ ಮತ್ತೆ ಶುರುವಾಗುತ್ತದೆ. ವಾಪಸ್ ಬನ್ನಿ, ನಿಲ್ಲುತ್ತದೆ. ಆಚೆ ಈಚೆ ಎರಡೂ ಕಡೆ ಹೋಗಿ ಬಂದಾಗ ಮಾತ್ರ ನಡುವಿನ ಜಾಗ ಎಷ್ಟು ಸಣ್ಣದು, ಎಷ್ಟು ನಿಶ್ಚಿತ ಅಂತ ಕಿವಿಗೆ ಗೊತ್ತಾಗುವುದು. ಎಂಟು ವರ್ಷದ ಮಕ್ಕಳೂ ಇದನ್ನು ಹಿಡಿಯುತ್ತಾರೆ. ಸ್ವರದ ಹೆಸರು ಗೊತ್ತಿರಬೇಕಾಗಿಯೇ ಇಲ್ಲ. ಅಲೆ ಇದೆಯೋ ಇಲ್ಲವೋ ಅಷ್ಟೇ. ಹೊಸಬರಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ನನಗೆ ಗೊತ್ತಿಲ್ಲ. ಟೀಚರ್ ಹೇಳಿದ್ದಕ್ಕೆ ಸರಿ ಅನ್ನುವುದಿಲ್ಲ, ತಮ್ಮ ಕಿವಿಯಿಂದಲೇ ಸರಿ ಅನ್ನುತ್ತಾರೆ.

ಖರ್ಜ, ಮತ್ತು ಅದರೊಳಗಿನ ಗಾಂಧಾರ

ಖರ್ಜವನ್ನು ಜೋಡಿಗೆ ಕೂಡಿಸಿ. ಇದು ಒಂದು ಸಪ್ತಕ ಕೆಳಗಿನ ಷಡ್ಜ. ದಪ್ಪ ತಂತಿ, ಹಾಗಾಗಿ ಅಲೆ ಹುಡುಕುವುದು ಸ್ವಲ್ಪ ಕಷ್ಟ. ಖರ್ಜ ಮೀಟಿ, ಅದು ಗುಂಯ್‌ಗುಡುತ್ತಿರುವಾಗಲೇ ಜೋಡಿಯ ಒಂದು ತಂತಿ ಮೀಟಿ. ಖರ್ಜದ ಒಳಗೇ ಮೇಲಿನ ಷಡ್ಜ ಇದೆ, ಅಲೆ ಅದರ ಜೊತೆಗೇ ಹುಟ್ಟುತ್ತದೆ. ಟ್ಯೂನರ್ ಆ್ಯಪ್‌ಗಳು ಈ ತಂತಿಯಲ್ಲಿ ಆಗಾಗ ದಾರಿ ತಪ್ಪುತ್ತವೆ. ಮೇಲಿನ ಸಪ್ತಕದ ಸ್ವರವನ್ನೋ ಪಂಚಮವನ್ನೋ ತೋರಿಸಿಬಿಡುತ್ತವೆ.

ಖರ್ಜ ಸರಿಯಾಗಿ ಕೂತಿತು ಅನ್ನುವುದಕ್ಕೆ ಒಂದು ಗುರುತಿದೆ. ಮೀಟಿದ ಸ್ವಲ್ಪ ಹೊತ್ತಿಗೆ, ಯಾರೂ ಹಾಡದ, ಯಾವ ತಂತಿಗೂ ಕಟ್ಟದ ಒಂದು ಗಾಂಧಾರ ಮೇಲಿನಿಂದ ತೇಲಿ ಬರುತ್ತದೆ. ಸ್ವಯಂಭೂ ಗಾಂಧಾರ ಅನ್ನುವುದು ಇದಕ್ಕೇ. ಒಂದು ತಂತಿ ಪೂರ್ತಿಯಾಗಿ ಕಂಪಿಸುವ ಜೊತೆಗೆ ಅರ್ಧಅರ್ಧವಾಗಿ, ಮೂರು ಪಾಲಾಗಿ, ನಾಲ್ಕು, ಐದು ಪಾಲಾಗಿಯೂ ಕಂಪಿಸುತ್ತದೆ. ಐದನೆಯ ಪಾಲಿನ ನಾದ ಶುದ್ಧ ಗಾಂಧಾರ. ಖರ್ಜದಿಂದ ಹುಟ್ಟುವುದರಿಂದ ಅದು ತಾರ ಸಪ್ತಕದಲ್ಲಿ ಕೇಳುತ್ತದೆ. ಮೊದಲ ಸಲ ಕೇಳಿಸದಿದ್ದರೆ ನೀವೇ ಬಾಯಿ ಮುಚ್ಚಿ ಗಾಂಧಾರವನ್ನು ಮೆಲ್ಲಗೆ ಗುನುಗಿ, ನಿಲ್ಲಿಸಿ, ಖರ್ಜ ಮೀಟಿ. ಈಗ ಕಿವಿಗೆ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ.

ಈ ಗಾಂಧಾರವನ್ನು ಹಾರ್ಮೋನಿಯಂ ಗಾಂಧಾರದ ಜೊತೆ ಹೋಲಿಸಿ ನೋಡಿ, ಕೂಡುವುದಿಲ್ಲ. ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರವನ್ನು 100 ಪಾಲು ಮಾಡಿದರೆ, ಹಾರ್ಮೋನಿಯಂ ಗಾಂಧಾರ ಸುಮಾರು 14 ಪಾಲು ಮೇಲಿದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಪಾಲು. ಹಾರ್ಮೋನಿಯಂನ ಮನೆಗಳನ್ನು ಸಮಸಮವಾಗಿ ಹಂಚಿರುವುದರಿಂದ ಹೀಗೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಲ್ಲಿಸಿದ್ದಕ್ಕೆ ಇಂಥ ಆಕ್ಷೇಪಗಳೂ ಸೇರಿದ್ದವು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ನಾನೂ ಹಾರ್ಮೋನಿಯಂ ಇಟ್ಟುಕೊಂಡಿದ್ದೇನೆ, ಹಾಡಿಗೆ ಒಳ್ಳೆಯ ಸಾಥಿ (ಜೊತೆಗಾರ) ಅದು. ಆದರೆ ಭೂಪ, ಯಮನ ರಾಗಗಳ ಗಾಂಧಾರ ಕಲಿಯಬೇಕಾದ್ದು ತಂಬೂರಿಯ ಹತ್ತಿರ.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. "ಮಾಲಕಂಸ ರಾಗದಲ್ಲಿ ಗಾಂಧಾರ ಕೋಮಲ, ಅಂದರೆ ಇಳಿದದ್ದು ಅಲ್ವಾ? ತಂಬೂರಿ ಶುದ್ಧ ಗಾಂಧಾರ ನುಡಿದರೆ ರಾಗ ಕೆಡುವುದಿಲ್ವಾ?" ಕೆಡುವುದಿಲ್ಲ. ಆ ಗಾಂಧಾರ ಷಡ್ಜದ ಮೈಯೊಳಗೆ ಸೇರಿಕೊಂಡಿದೆ. ಕಿವಿ ಅದನ್ನು ಬೇರೆ ಸ್ವರವಾಗಿ ಎಣಿಸುವುದಿಲ್ಲ, ತುಂಬಿದ ಷಡ್ಜ ಅಂತಲೇ ತೆಗೆದುಕೊಳ್ಳುತ್ತದೆ. ನೀವು ಅದನ್ನು ಹುಡುಕಿದಾಗ ಸಿಗುತ್ತದೆ, ಹಾಡುವಾಗ ಹಿಂದೆ ಸರಿಯುತ್ತದೆ.

ಪಂಚಮ, ಮಧ್ಯಮ, ನಿಷಾದ

ಪಂಚಮದ ತಂತಿ ಕೊನೆಗೆ. ಮಂದ್ರ ಪಂಚಮ ಅಂತ ನೀವೇ ಹಾಡಿ ಅಲ್ಲಿಗೆ ತಂತಿಯನ್ನು ತನ್ನಿ, ಮಣಿಯಿಂದ ಕೂಡಿಸಿ. ಖರ್ಜದ ಜೊತೆ ಮೀಟಿದಾಗ ಎರಡೂ ಒಂದರ ಮೇಲೊಂದು ಒರಗಿಕೊಂಡ ಹಾಗೆ ನಿಂತರೆ ಸರಿ. ಪಂಚಮದಲ್ಲಿ ಒಂದಿಷ್ಟು ತಪ್ಪಿದರೂ ತಂಬೂರಿ ಪೂರ್ತಿ ಹುಳಿಯಾಗುತ್ತದೆ.

ಪಂಚಮ ಇಲ್ಲದ ರಾಗಗಳಿಗೆ ಮೊದಲ ತಂತಿ ಬದಲಾಗುತ್ತದೆ. ಮಾಲಕಂಸ, ಚಂದ್ರಕಂಸಕ್ಕೆ ಶುದ್ಧ ಮಧ್ಯಮ. ಮಾರವಾ, ಪೂರಿಯಾ, ಸೋಹನಿಗೆ ನಿಷಾದ (ನಿ). ನಿಷಾದ ಯಾಕೆ ಅಂದರೆ, ಅದರ ಮೂರನೆಯ ಪಾಲಿನ ನಾದ ತೀವ್ರ (ಏರಿದ) ಮಧ್ಯಮ. ಮಾರವಾ, ಪೂರಿಯಾಗಳಿಗೆ ಬೇಕಾದ್ದೂ ಅದೇ. ಹೊಸಬರಿಗೆ ನಿಷಾದ ಕೂಡಿಸುವುದು ಕಷ್ಟ. ನಾನು ಹೇಳಿಕೊಡುವ ದಾರಿ ಇದು: ಖರ್ಜ ಮೀಟಿ ಸ್ವಯಂಭೂ ಗಾಂಧಾರ ಹಿಡಿಯಿರಿ. ಅದೇ ಷಡ್ಜ ಅಂದುಕೊಂಡು ಅದರ ಪಂಚಮ ಹಾಡಿ. ಆ ಪಂಚಮವೇ ನಿಮ್ಮ ನಿಷಾದ. ಮಂದ್ರ ಸಪ್ತಕಕ್ಕೆ ಇಳಿಸಿಕೊಂಡು ತಂತಿಗೆ ಕೊಡಿ.

ದಾರ ಕೂರಿಸುವುದು

ಇಲ್ಲಿಯವರೆಗೆ ತಂಬೂರಿ ಶ್ರುತಿಯಲ್ಲಿದೆ, ಆದರೆ ಇನ್ನೂ ಮಾತಾಡುತ್ತಿಲ್ಲ. ಅದಕ್ಕೆ ಜವಾರಿ, ಅಂದರೆ ಕುದುರೆಯ ಮೇಲೆ ತಂತಿಯ ನಾದ ಅರಳುವ ಗುಣ, ತೆರೆಯಬೇಕು. ದಕ್ಷಿಣದವರು ಜೀವಾಳಿ ಅನ್ನುತ್ತಾರೆ.

ಒಂದು ತಂತಿಯ ದಾರ ಹಿಡಿದು ಕುದುರೆಯ ಹಿಂಭಾಗದಿಂದ ಮುಂದಕ್ಕೆ, ಅಂದರೆ ಬಿರಡೆಗಳ ಕಡೆಗೆ, ಬಹಳ ನಿಧಾನವಾಗಿ ತನ್ನಿ. ಇನ್ನೊಂದು ಕೈಯಿಂದ ಅದೇ ತಂತಿಯನ್ನು ಮೀಟುತ್ತಾ ಇರಿ. ಸ್ವಲ್ಪ ದೂರ ಏನೂ ಆಗುವುದಿಲ್ಲ. ಆಮೇಲೆ ಒಂದು ಜಾಗದಲ್ಲಿ ನಾದ ಥಟ್ಟನೆ ಅರಳುತ್ತದೆ. ಮೀಟಿದ ಮೇಲೂ ನಾದ ಒಳಗೊಳಗೇ ತಿರುಗುತ್ತಾ, ಮೇಲಿನ ಸ್ವರಗಳು ಒಂದೊಂದಾಗಿ ಹೊರಗೆ ಬರುತ್ತವೆ. ಇನ್ನೂ ಮುಂದೆ ತಂದರೆ ಸದ್ದು ತೆಳುವಾಗಿ ಚರಚರ ಅನ್ನುತ್ತದೆ. ಅರಳಿದ ಜಾಗಕ್ಕೇ ವಾಪಸ್ ತನ್ನಿ.

ಒಂದೊಂದು ತಂತಿಗೂ ಈ ಜಾಗ ಬೇರೆ. ನಾಲ್ಕೂ ದಾರ ಒಂದೇ ಸಾಲಿನಲ್ಲಿ ಅಂದವಾಗಿ ಕಾಣಬೇಕು ಅಂತ ಹೊಂದಿಸಬೇಡಿ. ನಾಲ್ಕು ತಂತಿಯೂ ಒಂದೇ ಪ್ರಮಾಣದಲ್ಲಿ ಅರಳಬೇಕು, ಅದು ಮುಖ್ಯ. ಒಂದು ಮಾತ್ರ ಜಾಸ್ತಿ ಝೇಂಕರಿಸಿದರೆ ಅದೇ ಕಿವಿ ತಿನ್ನುತ್ತಾ ಕೂರುತ್ತದೆ. ದಾರ ಸಾದಾ ಹತ್ತಿಯದ್ದು ಸಾಕು. ಹೊಲಿಗೆಯ ದಾರದ ಒಂದೆರಡು ಎಳೆ ಬಿಡಿಸಿಕೊಂಡರಾಯಿತು. ನೈಲಾನ್ ಬೇಡ, ಜಾರುತ್ತದೆ. ದಾರ ಸರಿಸಿದ ಮೇಲೆ ಶ್ರುತಿ ಒಂಚೂರು ಅಲುಗಿರುತ್ತದೆ. ಮಣಿ ಹಿಡಿದು ಮತ್ತೊಂದು ಸುತ್ತು ಎಲ್ಲವನ್ನೂ ನೋಡಿ. ಈಗ ಅಲೆ ಇನ್ನೂ ಸ್ಪಷ್ಟವಾಗಿ ಕೇಳುವುದರಿಂದ ಈ ಎರಡನೆಯ ಸುತ್ತು ಸುಲಭ.

ಈ ಅರಳುವಿಕೆ ಸಿ.ವಿ. ರಾಮನ್ ಅವರನ್ನೂ ಸೆಳೆದಿತ್ತು. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಮೇಲಿನ ಸ್ವರಗಳು ಹುಟ್ಟಲೇಬಾರದು ಅಂತ ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿಯಲ್ಲಿ, ವೀಣೆಯಲ್ಲಿ ಅವೂ ಗಟ್ಟಿಯಾಗಿ ಕೇಳುತ್ತವೆ. ತಂತಿ ಇಳಿಜಾರು ಕುದುರೆಯನ್ನು ಮುಟ್ಟಿ ಮುಟ್ಟಿ ಬಿಡುವುದರಿಂದ ಹೀಗಾಗುತ್ತದೆ ಅಂತ ಅವರು 1921ರಲ್ಲಿ ಬರೆದರು. ನೊಬೆಲ್ ಬರುವುದಕ್ಕೆ ಒಂಬತ್ತು ವರ್ಷ ಮುಂಚೆ. ನಮ್ಮ ವಾದ್ಯ ಮಾಡುವವರು ಆ ಇಳಿಜಾರನ್ನು ಅರದಿಂದ ಉಜ್ಜಿ ಉಜ್ಜಿ ಕೈಯಿಂದಲೇ ಕಂಡುಕೊಂಡಿದ್ದರು ಅನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ.

ಮೀಟುವುದು

ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಉಗುರು ತಾಗಬಾರದು. ಬೆರಳಿನ ಮೆತ್ತನೆಯ ಬದಿ ತಂತಿಯ ಮೇಲೆ ಹಾಯ್ದು ಹೋಗಬೇಕು, ಎಳೆದು ಬಿಡಬಾರದು. ಕುದುರೆಯ ಹತ್ತಿರ ಮೀಟಬೇಡಿ, ಸದ್ದು ಒರಟಾಗುತ್ತದೆ. ತಂತಿಯ ನಡುಭಾಗದಲ್ಲಿ ಮೀಟಿ.

ಪಂಚಮ, ಜೋಡಿ, ಜೋಡಿ, ಖರ್ಜ. ಖರ್ಜದ ನಂತರ ಒಂದಿಷ್ಟು ಬಿಡುವು, ಮತ್ತೆ ಪಂಚಮ. ಹಿಂದಿನ ತಂತಿಯ ನಾದ ಆರುವ ಮುಂಚೆ ಮುಂದಿನದು ಸೇರಿಕೊಳ್ಳಬೇಕು. ತಾಳದ ಜೊತೆ ಹೊಂದಿಸಬೇಡಿ. ಹಾಡು ದ್ರುತಕ್ಕೆ (ಬೇಗದ ಲಯಕ್ಕೆ) ಹೋದರೂ ತಂಬೂರಿ ಅದೇ ನಡೆ. ಹಿಂದೆ ಕೂತು ತಂಬೂರಿ ಮೀಟುವ ಮಕ್ಕಳು ತಬಲಾ ಜೋರಾದ ಕೂಡಲೇ ತಾವೂ ಜೋರು ಮಾಡುತ್ತಾರೆ. ನಾನು ತಿರುಗಿ ನೋಡುತ್ತೇನೆ, ಸರಿಹೋಗುತ್ತಾರೆ.

ಮನೆಯಲ್ಲಿ ಒಬ್ಬರೇ ಇರುವಾಗ ತಂಬೂರಿಯನ್ನು ಮಲಗಿಸಿಕೊಂಡು ಮೀಟಿದರೂ ನಡೆಯುತ್ತದೆ. ನಿಲ್ಲಿಸಿಕೊಂಡರೆ ತಂಬೂರಿಯ ಉದ್ದನೆಯ ದಂಡಿ ಕಿವಿಯ ಹತ್ತಿರ ಬರುತ್ತದೆ, ನಾದ ಮೈಗೇ ಬರುತ್ತದೆ. ಮೊಣಕಾಲು ನೋಯದವರು ನಿಲ್ಲಿಸಿಯೇ ಅಭ್ಯಾಸ ಮಾಡಿ.

ಎಲೆಕ್ಟ್ರಾನಿಕ್ ತಂಬೂರಿ, ಆ್ಯಪ್

ಬೇಡ ಅನ್ನುವುದಿಲ್ಲ. ಬೆಂಗಳೂರಿನ ರಾಡೆಲ್ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಸಂಗೀತ ಉಳಿಸಿದೆ. ಹಾಸ್ಟೆಲಿನಲ್ಲಿರುವ ಹುಡುಗಿ, ದುಬೈಯಲ್ಲಿ ಸಣ್ಣ ಫ್ಲ್ಯಾಟಿನಲ್ಲಿರುವವರು ಐದಡಿಯ ತಂಬೂರಿ ಎಲ್ಲಿಡಬೇಕು? ಆದರೆ ಎರಡು ಮಾತು. ಸದ್ದು ನಿಮ್ಮ ಧ್ವನಿಗಿಂತ ಕೆಳಗಿರಲಿ, ಜೋರಾದರೆ ಅದರ ಹಿಂದೆ ನಿಮ್ಮ ತಪ್ಪುಗಳು ಅಡಗಿಕೊಳ್ಳುತ್ತವೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಖರ್ಜ ಸರಿಯಾಗಿ ಬರುವುದೇ ಇಲ್ಲ, ಹಾಗಾಗಿ ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಆದರೂ ಹಚ್ಚಿ. ವಾರಕ್ಕೊಮ್ಮೆ ಯಾರದಾದರೂ ನಿಜವಾದ ತಂಬೂರಿಯ ಎದುರು ಕೂರುವ ಅವಕಾಶ ಸಿಕ್ಕರೆ ಬಿಡಬೇಡಿ.

ಮಳೆಗಾಲ, ಪ್ರಯಾಣ

ಧಾರವಾಡ-ಹುಬ್ಬಳ್ಳಿಯ ಮಳೆಗಾಲದಲ್ಲಿ ಬಿರಡೆ ಉಬ್ಬಿ ಗಟ್ಟಿಯಾಗುತ್ತದೆ. ಜೋರು ಮಾಡಿ ತಿರುಗಿಸಬೇಡಿ, ಮುರಿಯುತ್ತದೆ. ಸ್ವಲ್ಪ ಹೊರಗೆಳೆದು ಸಡಿಲ ಮಾಡಿಕೊಂಡು ತಿರುಗಿಸಿ. ಹೊರಗೋಡೆಗೆ ಒರಗಿಸಿ ಇಡಬೇಡಿ, ಗೋಡೆಯ ತೇವ ಬುರುಡೆಗೆ ಹತ್ತುತ್ತದೆ. ಹಾಡಿದ ಮೇಲೆ ಒಣಬಟ್ಟೆಯಿಂದ ತಂತಿ ಒರೆಸಿ. ಬೆರಳಿನ ಬೆವರಿನಿಂದಲೇ ಉಕ್ಕಿನ ತಂತಿಗೆ ತುಕ್ಕು ಹಿಡಿಯುವುದು, ತುಕ್ಕು ಹಿಡಿದ ತಂತಿ ಎಷ್ಟು ತಿರುಗಿಸಿದರೂ ಕೂಡುವುದಿಲ್ಲ.

ರೈಲಿನಲ್ಲಿ, ಕಾರಿನಲ್ಲಿ ಒಯ್ಯುವಾಗ ನಾಲ್ಕೂ ತಂತಿ ಸ್ವಲ್ಪ ಇಳಿಸಿ. ಪೂರ್ತಿ ಸಡಿಲ ಬಿಟ್ಟರೆ ಕುದುರೆ ಜಾಗ ಬಿಟ್ಟು ಸರಿಯಬಹುದು. ಎ.ಸಿ. ಇರುವ ಸಭಾಂಗಣದಲ್ಲಿ ಕಾರ್ಯಕ್ರಮ ಇದ್ದರೆ ಮೇಳ ಕೂರುವುದಕ್ಕೆ ಬಹಳ ಮುಂಚೆಯೇ ವೇದಿಕೆಯ ಮೇಲೆ ತಂಬೂರಿ ಇಡಿ. ಬುರುಡೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ. ಅದು ಮರದಷ್ಟು ಗಟ್ಟಿಯಾಗಿ ಕಂಡರೂ ಒಣಗಿಸಿದ ಕಾಯಿ, ಒಂದು ಪೆಟ್ಟಿಗೆ ಸೀಳುತ್ತದೆ. ತಂಜಾವೂರು ತಂಬೂರಿಯವರಿಗೆ ಈ ಚಿಂತೆ ಕಡಿಮೆ, ಅವರದ್ದು ಹಲಸಿನ ಮರದ ಕೊಡ.

ಕುದುರೆ ಸವೆದಾಗ

ದಾರ ಎಲ್ಲಿಟ್ಟರೂ ನಾದ ಅರಳದಿದ್ದರೆ ಕುದುರೆಯನ್ನು ಬೆಳಕಿಗೆ ಹಿಡಿದು ನೋಡಿ. ತಂತಿಯ ಕೆಳಗೆ ಸಣ್ಣ ಗೀರುಗಳು ಬಿದ್ದಿರುತ್ತವೆ. ದಿನಾ ಮೀಟುವ ತಂಬೂರಿಯಲ್ಲಿ ಇದು ಸಹಜ. ಅಲ್ಲಿಗೆ ಮನೆಮದ್ದು ಮುಗಿಯಿತು. ಯೂಟ್ಯೂಬ್ ನೋಡಿಕೊಂಡು ಉಪ್ಪುಕಾಗದದಿಂದ ಉಜ್ಜಲು ಹೋಗಬೇಡಿ. ಕೂದಲೆಳೆಯಷ್ಟು ಜಾಸ್ತಿ ಹೋದರೆ ಕುದುರೆಯನ್ನೇ ಬದಲಿಸಬೇಕಾಗುತ್ತದೆ.

ಕುದುರೆ ಸರಿಮಾಡಿಸಲು ನಾವು ಹುಬ್ಬಳ್ಳಿಯವರು ಬೆಳಗಾವಿಯ ಮೇಲೆ ಹಾಯ್ದು ರೈಲಿನಲ್ಲಿ ಮಿರಜಿಗೆ ಹೋಗುತ್ತೇವೆ. ಅಲ್ಲಿಯ ಶಿಕಲಗಾರ ಮನೆತನಗಳು ಹಿಂದೆ ಆಯುಧ ಮಾಡುತ್ತಿದ್ದವರು. 19ನೆಯ ಶತಮಾನದಿಂದ ತಂಬೂರಿ, ಸಿತಾರ್ ಮಾಡುತ್ತಾ ಬಂದಿದ್ದಾರೆ. ಬುರುಡೆ ಬರುವುದು ಪಂಢರಪುರದ ಕಡೆಯಿಂದ. 2024ರಲ್ಲಿ ಮಿರಜಿನ ತಂಬೂರಿಗೂ ಸಿತಾರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರು ನೆಲೆಸಿದ್ದೂ ಅದೇ ಊರಿನಲ್ಲಿ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಮತ್ತು ಭೀಮಸೇನ ಜೋಶಿ. ಕಿರಾಣಾ ಘರಾಣೆಯಲ್ಲಿ ಒಂದೊಂದು ಸ್ವರದ ಮೇಲೆ ಅಷ್ಟು ಹೊತ್ತು ನಿಲ್ಲುತ್ತಾರಲ್ಲ, ಹಿಂದೆ ತಂಬೂರಿ ಅಷ್ಟು ತುಂಬಿ ನುಡಿಯದಿದ್ದರೆ ಹಾಗೆ ನಿಲ್ಲಲು ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಜವಾರಿ ಮಾಡಿಸಲು, ಅಂದರೆ ಕುದುರೆ ಉಜ್ಜಿಸಲು, ಹೋದಾಗ ತಂಬೂರಿ ಕೊಟ್ಟು ಪೇಟೆ ಸುತ್ತಲು ಹೋಗಬೇಡಿ. ಅಲ್ಲೇ ಕೂರಿ. ನಿಮ್ಮ ಷಡ್ಜವನ್ನು ಕರಿ ನಾಲ್ಕು ಅಂತ ಬಾಯಲ್ಲಿ ಹೇಳುವ ಜೊತೆಗೆ ಹಾಡಿಯೂ ತೋರಿಸಿ. ತೆರೆದ ಜವಾರಿ ಬೇಕೋ, ಸ್ವಲ್ಪ ಮುಚ್ಚಿದ, ದುಂಡನೆಯ ನಾದ ಬೇಕೋ ಹೇಳಿ. ಗೊತ್ತಿಲ್ಲದಿದ್ದರೆ ಅಂಗಡಿಯ ಎರಡು ಬೇರೆಬೇರೆ ತಂಬೂರಿ ಮೀಟಿಸಿ ಕೇಳಿ, ಯಾವುದು ಹಿಡಿಸಿತು ಅಂತ ತೋರಿಸಿ. ಅವರು ತಂತಿ ಸರಿಸಿ ಒಂದಿಷ್ಟು ಉಜ್ಜುತ್ತಾರೆ, ತಂತಿ ಕೂರಿಸಿ ಮೀಟಿ ಕೇಳುತ್ತಾರೆ, ಮತ್ತೆ ಸರಿಸಿ ಉಜ್ಜುತ್ತಾರೆ. ಕೆಲಸ ಮುಗಿಯಿತು ಅಂದಾಗ ನೀವೇ ಪೂರ್ತಿ ಶ್ರುತಿ ಮಾಡಿ, ದಾರ ಕೂರಿಸಿ, ಹತ್ತು ನಿಮಿಷ ಮಂದ್ರದಲ್ಲಿ ಹಾಡಿ ನೋಡಿ. ಒಂದು ತಂತಿ ಸರಿ ಅನಿಸದಿದ್ದರೆ ಸಂಕೋಚ ಬೇಡ, ಅಲ್ಲೇ ಹೇಳಿ. ಒಳ್ಳೆಯ ಕಾರಿಗರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಮತ್ತೆ ಅರ ಕೈಗೆತ್ತಿಕೊಳ್ಳುತ್ತಾರೆ. ಬರುವಾಗ ನಾಲ್ಕೂ ಅಳತೆಯ ತಂತಿ ಒಂದೊಂದು ಸುರುಳಿ ಹೆಚ್ಚಿಗೆ ತಂದಿಟ್ಟುಕೊಳ್ಳಿ.